ಬಾಡಿದ ಬದನೆಕಾಯಿ

ನಮ್ಮ ಕಾಲಕ್ಕೆ ಜಗಳೂರಿನಲ್ಲಿ ಬೋರ್ಡಾಗಲಿ, ಚಿತ್ರವಾಗಲಿ, ಎಲ್ಲ ಕೈಯಲ್ಲೇ ಬರೆಸಬೇಕಿತ್ತು. ಬರೆಯುವವರು ಇಬ್ಬರು: ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದ ನಮ್ಮಪ್ಪ, ಲಾರಿಗಳ ಹಿಂದೆ ನವಿಲು, ಗುಲಾಬಿ ಬರೆಯುತ್ತಿದ್ದ ರಹೀಮ್ ಕಾಕಾ. ಒಬ್ಬರನ್ನೊಬ್ಬರು ಆಡಿಕೊಳ್ಳದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ.

ಒಂದು ಬೇಸಿಗೆ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯ ಗೌರಮ್ಮ ಇಬ್ಬರಿಗೂ ಹೇಳಿದಳು: "ಒಂದೊಂದು ಚಿತ್ರ ಬರಕೊಡ್ರಿ. ಯಾವ್ದು ಚೆಂದ ಐತೋ ಅದನ್ನ ಗೋಡೆಗೆ ಹಾಕ್ತೀನಿ."

ಅಪ್ಪನಿಗೆ ಅದು ಜೀವಮಾನದ ಆಸೆ. ಮಕ್ಕಳ ಚಿತ್ರ ತಿದ್ದಿದ್ದೇ ಬಂತು, ಅವನದೊಂದು ಚಿತ್ರವನ್ನೂ ಊರು ನೋಡಿರಲಿಲ್ಲ.

ಇಬ್ಬರೂ ನೋಡಿ ಬರೆಯಲೆಂದು ನಮ್ಮ ಪಡಸಾಲೆಯ ಮಣೆ ಮೇಲೆ ಹಿತ್ತಾಳೆ ಚೆಂಬು, ಬದನೆಕಾಯಿ, ಒಂದು ಹಿಡಿ ಶೇಂಗಾ ಇಟ್ಟರು. ಕಾಕಾ ಒಂದೇ ಮಧ್ಯಾಹ್ನಕ್ಕೆ ಮುಗಿಸಿ ಕೈ ತೊಳೆದ. ಅವನ ಬದನೆಕಾಯಿ ಕುಂಬಳಕಾಯಿಯಷ್ಟು ದಪ್ಪ, ನೆರಳೆಲ್ಲ ಕಡುನೀಲಿ. ಅಪ್ಪ ಮಾತ್ರ ಶೇಂಗಾದ ಒಂದೊಂದು ಗೆರೆಯನ್ನೂ ಬಿಡದೆ ವಾರಗಟ್ಟಲೆ ಕೂತ. ಬಿಸಿಲು ಕಿಟಕಿಯಿಂದ ಚೆಂಬಿಗೆ, ಚೆಂಬಿನಿಂದ ಗೋಡೆಗೆ ಮೆಲ್ಲಗೆ ತೇಲುತ್ತಿತ್ತು. ಬಣ್ಣದೆಣ್ಣೆಯ ವಾಸನೆಗೆ ಅವ್ವ ಶೇಂಗಾ ಹುರಿಯುವ ಘಮ ಕಲೆತು ನನಗೆ ಅಲ್ಲೇ ಕಣ್ಣೆಳೆಯುತ್ತಿತ್ತು. ನಿದ್ದೆ ತಿಳಿದೆದ್ದರೂ ಅಪ್ಪ ಹಾಗೇ ಕೂತಿರುತ್ತಿದ್ದ.

ಅಷ್ಟರಲ್ಲಿ ಬದನೆಕಾಯಿ ಬಾಡಿತು.

"ಬ್ಯಾರೆ ಇಡ್ತೀನಿ ತಗೀರಿ," ಅಂದಳು ಅವ್ವ.

"ಬ್ಯಾಡ. ಹೆಂಗೈತೋ ಹಂಗೇ ಬರೀಬೇಕು," ಅಂದ ಅಪ್ಪ. ಸಿಪ್ಪೆಯ ಸುಕ್ಕು, ಒಣಗಿದ ತೊಟ್ಟು, ಎಲ್ಲವನ್ನೂ ಹೊಸದಾಗಿ ತಿದ್ದಿದ.

ಕೊನೆಗೂ ಮುಗಿದ ಅಪ್ಪನ ಚಿತ್ರವನ್ನು ಗೌರಮ್ಮ ಬಹಳ ಹೊತ್ತು ನೋಡಿದಳು. "ಮಾಸ್ತರೇ, ಥೇಟ್ ಇದ್ದಂಗೇ ಐತ್ರೀ. ಆದ್ರೆ ಇದನ್ನ ಹಾಕಿದ್ರೆ, ಗೌರಮ್ಮ ನಿನ್ನೆ ಮಾಡಿದ ಪಲ್ಯ ಬಡಿಸ್ತಾಳೆ ಅಂತಾರೆ ಜನ."

ಕಾಕಾನ ಚಿತ್ರ ಗೋಡೆಗೇರಿತು. ಅಪ್ಪ ನಗಲು ನೋಡಿದ, ಆಗಲಿಲ್ಲ. ನನಗಂತೂ ಗೌರಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು.

ಸಂಜೆ ಕಾಕಾ ಮನೆಗೆ ಬಂದ. "ನಂದು ನೋಡಿದ್ರೆ ಹಸಿವಾಗ್ತೈತೆ, ಅಷ್ಟೇ. ನಿಂದು ನೋಡ್ತಾ ಕುಂತ್ರೆ ಎದ್ದು ಹೋಗಾಕೆ ಮನಸ್ಸಾಗಲ್ಲ, ಮಾಸ್ತರ್. ಕೊಡು, ನಮ್ಮನೇಲಿ ಇಟ್ಕಂತೀನಿ."

"ಬದನೆಕಾಯಿನ ಕುಂಬಳಕಾಯಿ ಮಾಡೋನಿಗೆ ಇದರ ಬೆಲೆ ಏನು ಗೊತ್ತು," ಅಂದ ಅಪ್ಪ. ಅಂದರೂ ಚಿತ್ರವನ್ನು ಹಳೇ ಪಂಚೆಯಲ್ಲಿ ಸುತ್ತಿ, ತಾನೇ ಹೊತ್ತುಕೊಂಡು ಕಾಕಾನ ಮನೆತನಕ ಹೋದ.

ಖಾನಾವಳಿಯ ಗೋಡೆಗೆ ಈಗ ಫ್ಲೆಕ್ಸ್ ಬಂದಿದೆ. ಅಪ್ಪ ಹೋಗಿ ವರ್ಷಗಳಾದವು. ಮೊನ್ನೆ ಕಾಕಾನೂ ಹೋದ. ಅವನ ಮಗಳು ಅಪ್ಪನ ಚಿತ್ರ ತಂದುಕೊಟ್ಟಳು, ನಮ್ಮ ಹಾಲ್‌ನ ಗೋಡೆಗೆ ಹಾಕಿದ್ದೇನೆ. ಬಂದವರೆಲ್ಲ "ಚೆಂದ ಐತೆ" ಅನ್ನುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಹೊರಡುತ್ತಾರೆ. ಒಂದಿಡೀ ಮಧ್ಯಾಹ್ನ ಅದರ ಮುಂದೆ ಸುಮ್ಮನೆ ಕೂರುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ನನಗೂ ಇಲ್ಲ.