ಅಳು ಹಿಡಿಯುವ ಮೊದಲು

ಜೆಸ್ಸಿ ಬಾಯಿ ಗಿಟಾರ್ ನುಡಿಸುತ್ತಿದ್ದದ್ದು ತೆಂಗಿನಕಾಯಿ ತುರಿಯುವ ಹಾಗೆ. ತಲೆ ತಗ್ಗಿಸಿ, ತುಟಿ ಕಚ್ಚಿ ಕೂತಳೆಂದರೆ ಗೆರಟೆ ತಲುಪುವ ತನಕ ಬಿಡುವವಳಲ್ಲ. ಮೂಡುಬಿದಿರೆಯ ನಮ್ಮ ಕಾನ್ವೆಂಟಿನಲ್ಲಿ ಹಾಡು ಕಲಿಸುತ್ತಿದ್ದ ಸಿಸ್ಟರ್ "ಜೆಂಟ್ಲಿ, ಚೈಲ್ಡ್, ಜೆಂಟ್ಲಿ" ಎನ್ನುತ್ತಾ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ನನಗಿಂತ ಎರಡು ಕ್ಲಾಸು ಮುಂದಿದ್ದಳು, ನೆರೆಮನೆಯವಳು. ನಮ್ಮ ಕೊಂಕಣಿಯಲ್ಲಿ ಅಕ್ಕನಿಗೆ ಬಾಯಿ ಎನ್ನುತ್ತೇವೆ. ಶಾಲೆ ಬಿಟ್ಟ ಮೇಲೂ ನಾನು ಅವಳ ನೆರಳು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ಮಧ್ಯಾಹ್ನಗಳು ಈಗಲೂ ಅರೆನಿದ್ದೆಯಲ್ಲಿ ತೇಲಿ ಬರುತ್ತವೆ. ಅವಳ ಮನೆಯ ಕೆಂಪು ನೆಲದ ತಂಪು, ಕಿಟಕಿಯ ಸರಳಿಗೆ ಒಣಹಾಕಿದ ವೇಲು, ಬಹರೈನಿನಿಂದ ಅಣ್ಣ ತಂದ ಟೇಪ್ ರೆಕಾರ್ಡರಿನ ಹೊಸ ಪ್ಲಾಸ್ಟಿಕ್ ವಾಸನೆ.

ವಿಲ್ಫ್ರೆಡ್ ಮಾಸ್ಟ್ರ ಜೊತೆ ಅವಳ ಎಂಗೇಜ್‌ಮೆಂಟ್ ಆಗಿತ್ತು. ಬೆಳ್ತಂಗಡಿಯ ಶಾಲೆಗೆ ದಿನಾ ಬಸ್ಸಲ್ಲಿ ಹೋಗಿ ಬರುವ, ಇಸ್ತ್ರಿ ಮಾಡಿದ ಅಂಗಿಯ, ಮೆಲುಮಾತಿನ ಮನುಷ್ಯ. ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದರೆ ಅವನ ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದರು. ಉಂಗುರ ತಿರುಗಿ ಬೇಕಂತೆ. ಕೇಳಲು ಅವನೇ ಬರಲಿಲ್ಲ.

ಜೆಸ್ಸಿ ಬಾಯಿ ಅಳಲಿಲ್ಲ. ಒಂದು ವಾರ ಕೋಣೆಯೊಳಗೆ ಗಿಟಾರ್ ತುರಿದಳು. ಆಮೇಲೆ ಒಂದು ಸಂಜೆ ನನ್ನನ್ನು ಕರೆದು, "ನೀನು ಅಂಗಳದಲ್ಲಿ ನಿಂತು ಕೋಳಿ ಓಡಿಸು. ಒಳಗೆ ಯಾರೂ ಬರ್ಲಿಕ್ಕಿಲ್ಲ. ನಾನು ಒಂದು ಹಾಡು ಟೇಪ್ ಮಾಡ್ತೇನೆ" ಎಂದಳು. ಕದ ಹಾಕಿಕೊಂಡಳು. ಬಲ್ಬು ಮಂಕಾಗಿ ಹಣ್ಣಾದ ನಿಂಬೆಯ ಹಾಗೆ ಉರಿಯುತ್ತಿತ್ತು. ನಮ್ಮಲ್ಲಿ ಸಂಜೆಯ ಕರೆಂಟು ಹಾಗೆಯೇ.

ಕ್ಯಾಸೆಟನ್ನು ಅವಳು ಕೊಟ್ಟದ್ದು ಮಾಸ್ಟ್ರು ದಿನಾ ಹತ್ತುವ, ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೋಗುವ ಬಸ್ಸಿನ ಡ್ರೈವರ್ ಉಸ್ಮಾನ್ ಬ್ಯಾರಿಗೆ. ಹಾಡನ್ನು ಕೊಂಕಣಿ ಬಿಟ್ಟು ಕನ್ನಡದಲ್ಲಿ ಬರೆದದ್ದೂ ಅದಕ್ಕೇ. "ಇಡೀ ಬಸ್ಸಿಗೆ ಅರ್ಥ ಆಗ್ಬೇಕು. ಅವನಿಗೆ ಕೂತಲ್ಲಿಂದ ಏಳ್ಲಿಕ್ಕೆ ಆಗ್ಬಾರ್ದು."

ಮರುದಿನ ಅವನ ಮುಖ ನೋಡಲು ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಮುದುಡಿ ಕೂತೆವು. ಉಸ್ಮಾನ್ ಬ್ಯಾರಿ ಬಸ್ಸಿನ ಟೇಪಿನ ಗುಂಡಿ ಒತ್ತಿದರು. ಗಿಟಾರು ಜೇನುಹುಳದ ಹಾಗೆ ಮೊರೆಯುತ್ತಾ ಓಡಿತು. ಅದರ ಹಿಂದೆಯೇ ಪುಟ್ಟ ಹುಡುಗಿಯ ಗಂಟಲಲ್ಲಿ ಜೆಸ್ಸಿ ಬಾಯಿ:

"ಉಂಗುರ ಕೊಟ್ಟೆ ತಿರುಗಿ,
ಬೆರಳಿಗೆ ನೀನೇ ಹೇಳು."

"ಇದು ನನ್ನ ವಾಯ್ಸ್ ಅಲ್ಲ ಮಾರಾಯ್ತಿ" ಎಂದು ನನ್ನ ಕೈ ಹಿಡಿದಳು. ಅಷ್ಟರಲ್ಲಿ ಮುಂದಿನ ಸೀಟಿನ ಅಜ್ಜಿ ತಲೆಯಾಡಿಸತೊಡಗಿದ್ದರು. ಕಂಡಕ್ಟರ್ ಕಂಬಿಗೆ ಪೆಟ್ಟು ಹಾಕುತ್ತಿದ್ದ. ಹಾಡಿನ ಕೊನೆಗೆ ಟೇಪಿನಿಂದ ಕಿಲಕಿಲ ನಗು ಕೇಳಿ ಬಸ್ಸಿಡೀ ನಕ್ಕಿತು. ಕಿಟಕಿ ಪಕ್ಕದಲ್ಲಿ ವಿಲ್ಫ್ರೆಡ್ ಮಾಸ್ಟ್ರು, ಹೊರಗೆ ನೋಡುತ್ತಾ, ಟಿಫಿನ್ ಡಬ್ಬಿಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ.

ವೇಣೂರಿನಲ್ಲಿ ಇಳಿಯುವಾಗ ಉಸ್ಮಾನ್ ಬ್ಯಾರಿ ಕೇಳಿದರು, "ಬಾಯಮ್ಮ, ಕರೆಂಟು ಡಿಮ್ ಇದ್ದಾಗ ಮಾಡಿದ್ದಾ? ಆಗ ಟೇಪು ನಿಧಾನ ತಿರುಗ್ತದೆ. ನನ್ನ ಬ್ಯಾಟರಿ ಗಟ್ಟಿ ಉಂಟಲ್ಲ, ಇಲ್ಲಿ ಓಡ್ತದೆ. ಲಾಯ್ಕುಂಟು, ಇರ್ಲಿ."

ಫಲ್ಗುಣಿ ಹೊಳೆ ದಾಟುವ ಸಂಕದ ಮೇಲೆ ಅವಳು ತುಂಬ ಹೊತ್ತು ನಿಂತಳು. ನಾನು ಹೆದರಿದ್ದೆ. ಆಮೇಲೆ ಭುಜ ಕುಲುಕಿಸಿ ನಗತೊಡಗಿದಳು. "ನನ್ನ ಮರಣದ ಹಾಡಿಗೆ ಅವನು ತಾಳ ಹಾಕಿದ, ನೋಡಿದಿಯಾ? ಒಂದು ವಿಷಯ ಗೊತ್ತಾಯ್ತು ನನಗೆ. ಅಳುವಿಗೆ ಓಡ್ಲಿಕ್ಕೆ ಬರುದಿಲ್ಲ. ಅದು ಬಂದು ಹಿಡಿಯುವ ಮೊದ್ಲು ಹಾಡು ಮುಗಿಸ್ಬೇಕು, ಅಷ್ಟೇ."

ಅಲ್ಲಿಂದ ಅವಳು ಹಾಡಿದ್ದೆಲ್ಲ ಬಸ್ಸಿನ ಸ್ಪೀಡಿನಲ್ಲೇ. ಬಂಟ್ವಾಳದ ಮದುವೆ ಮನೆಗಳಿಗೂ ಕರೆ ಬರುತ್ತಿತ್ತು. ಬಿಟ್ಟುಹೋದವನ ಹಾಡಿಗೆ ಮದುಮಕ್ಕಳು ಕುಣಿಯುತ್ತಿದ್ದರು. "ಬಾಯಿ, ಕೊನೆಯ ನಗು ಬಿಡ್ಬೇಡಿ ಆಯ್ತಾ" ಎಂದು ಹೆಂಗಸರು ಕೂಗುತ್ತಿದ್ದರು. ಅವಳು ನಗುತ್ತಿದ್ದಳು, ಪ್ರತಿ ಸಲವೂ. ಮದುವೆಯ ಮಾತೆತ್ತಿದರೆ, "ನನ್ನ ಬೆರಳಿಗೆ ಟೈಮ್ ಇಲ್ಲ, ಸ್ಟ್ರಿಂಗ್ಸ್ ಉಂಟು" ಎನ್ನುತ್ತಿದ್ದಳು. ಅವಳು ಗೆದ್ದಳೆಂದೇ ನಾನು ನಂಬಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ ಅಣ್ಣನ ಮನೆಗೆಂದು ಬಹರೈನಿಗೆ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ಕ್ಯಾಸೆಟನ್ನು ನನ್ನ ಕೈಗಿಟ್ಟು, "ಒಳ್ಳೆ ಸೆಲ್ ಹಾಕಿ ಕೇಳು, ಪುಟ್ಟಾ" ಎಂದಳು. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಹೋದ ವರ್ಷ ಅವಳು ತೀರಿಕೊಂಡ ಸುದ್ದಿ ಬಂತು. ಹಳೆಯ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದೆ. ಸೆಲ್ಲುಗಳು ಸೋತಿದ್ದವು. ಗಿಟಾರು ನೀರೊಳಗಿಂದ ಬಂದಂತೆ ನಿಧಾನವಾಗಿ ಬಂತು. ಆಮೇಲೆ ಆ ದಪ್ಪ, ಬೆಚ್ಚಗಿನ, ನನ್ನ ಜೆಸ್ಸಿ ಬಾಯಿಯದೇ ದನಿ. ಅಂಗಳದಲ್ಲಿ ಕೋಳಿ ಓಡಿಸುತ್ತಾ ನಾನು ಕೇಳದೆ ಉಳಿದದ್ದು. ಹಾಡು ಮುಗಿಯಿತು. ನಗುವಿಗಾಗಿ ಕಾದೆ.

ಅದು ನಗುವಾಗಿರಲಿಲ್ಲ. ತಡೆತಡೆದು, ಬಿಕ್ಕಿ ಬಿಕ್ಕಿ, ಟೇಪ್ ಮುಗಿಯುವ ತನಕ ಅವಳು ಅತ್ತಳು.

ಬೆಳಿಗ್ಗೆ ಅಂಗಡಿಗೆ ಹೋಗಿ ಹೊಸ ಸೆಲ್ ತಂದು ಹಾಕಿದೆ. ಜೆಸ್ಸಿ ಬಾಯಿ ಓಡಿದಳು.