ಆಪಾ ಕಲಸುತ್ತಿದ್ದ ಸಿಮೆಂಟು

ಕ್ಲಿನಿಕ್ಕಿನ ಕಪಾಟು ಖಾಲಿ ಮಾಡುವಾಗ ಅಂಗೈಯಗಲದ ದಪ್ಪ ಗಾಜೊಂದು ಸಿಕ್ಕಿತು. ಹಲ್ಲಿಗೆ ಹಾಕುವ ಸಿಮೆಂಟನ್ನು ಆಗ ಇದರ ಮೇಲೆಯೇ ಕಲಸುತ್ತಿದ್ದೆವು. ಕೈಗೆತ್ತಿಕೊಂಡದ್ದೇ ತಡ, ಆಪಾ ನೆನಪಾದರು, ಜೊತೆಗೆ ಹಳೆಯ ಸಿಟ್ಟೂ ಬಂತು...

ಎಪ್ಪತ್ತರ ದಶಕದ ಕೊನೆ. ದಾವಣಗೆರೆಯಲ್ಲಿ ನಾನು ಹೊಸದಾಗಿ ಹಲ್ಲಿನ ದವಾಖಾನೆ ತೆರೆದಿದ್ದೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಸಹಾಯಕಿಯನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನನಗೂ ಅದೇ ರೂಢಿಯಾಯಿತು. ಅವರ ಓಣಿಯಲ್ಲಂತೂ ಅವರೇ ಹಲ್ಲಿನ ಡಾಕ್ಟರಮ್ಮ. ಅದನ್ನು ಹೇಳುವಾಗ ಸೆರಗು ಸರಿಮಾಡಿಕೊಂಡು ನಗುತ್ತಿದ್ದರು. ಗಾಜನ್ನು ತಣ್ಣೀರಲ್ಲಿಟ್ಟು, ಹನಿಯೂ ಉಳಿಯದಂತೆ ಒರೆಸಿ, ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ದ್ರವಕ್ಕೆ ಸೇರಿಸಿ, ಅಗಲಕ್ಕೆ ಹರಡಿ ಕಲಸುವರು. ಒಮ್ಮೆಲೇ ಸುರಿದರೆ ಬಿಸಿಯೇರಿ ಬೇಗ ಗಟ್ಟಿಯಾಗಿಬಿಡುತ್ತದೆ. ಪುಡಿ ಕಡಿಮೆಯಾದರೆ ಹಲ್ಲು ಜುಮ್ಮೆನ್ನುತ್ತದೆ, ಹಿಡಿತವೂ ಇರುವುದಿಲ್ಲ.

ಒಂದು ಬೇಸಿಗೆ, ಆ ಸಿಮೆಂಟು ಹಚ್ಚಿ ನಾನು ಹಲ್ಲುಗಳ ಮೇಲೆ ಕೂರಿಸಿದ ಕ್ಯಾಪುಗಳು ಉದುರತೊಡಗಿದವು. ಮಲೆಬೆನ್ನೂರಿನ ಟ್ರ್ಯಾಕ್ಟರ್ ಡ್ರೈವರೊಬ್ಬ, ಮಂಡಕ್ಕಿ ತಿನ್ನುವಾಗ ಕಳಚಿದ ಕ್ಯಾಪನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟ. ಪುಡಿ ಬದಲಿಸಿದೆ, ದ್ರವದ ಹೊಸ ಬಾಟಲಿ ತರಿಸಿದೆ, ಅಂಗಡಿಯವನನ್ನು ಬೈದೆ. ಮತ್ತೂ ಉದುರಿದವು. ತಲೆ ಚಿಟ್ಟು ಹಿಡಿಯಿತು. ಸಿಮೆಂಟು ತೆಳ್ಳಗಿದೆ ಎಂದರೆ ಆಪಾ ಸೆಕೆಯ ಮೇಲೆ ಹಾಕುತ್ತಿದ್ದರು. ನಾನೇ ಕಲಸುತ್ತೇನೆ ಎಂದರೆ ಗಾಜು ಬಿಟ್ಟುಕೊಡುತ್ತಿರಲಿಲ್ಲ.

ಕೊನೆಗೊಂದು ದಿನ, ಆಪಾ ಕಲಸುತ್ತಿದ್ದ ಮೂಲೆಯ ಪರದೆ ಸರಿಸಿ ನೋಡಿದೆ. ಊದಿದ ಬಲ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದು ಕಲಸುತ್ತಿದ್ದರು. ಪುಡಿ ಸೇರಿದಂತೆಲ್ಲ ಸಿಮೆಂಟು ಬಿಗಿಯಾಗುತ್ತದೆ. ಆ ಬಿಗಿಯನ್ನು ತಿರುವಲಾರದೆ ಪುಡಿ ಹಾಕುವುದನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು.

"ಯಾಕ್ ಹೇಳ್ಲಿಲ್ಲ ಆಪಾ?" ಎಂದೆ.

"ಹೇಳಿದ್ರೆ ಕಲ್ಸಾಕೆ ಬಿಡ್ತಿದ್ರೇನ್ರಿ ಡಾಕ್ಟ್ರಮ್ಮ? ಬಾಗ್ಲಾಗೆ ಚೀಟಿ ಕೊಡಾಕೆ ಕೂಡ್ಸ್ತಿದ್ರಿ."

ಕೂರಿಸುತ್ತಿದ್ದೆ, ನಿಜ. ಇನ್ನೇನು ಮಾಡಲಿಕ್ಕಿತ್ತು? ಕಲಸುವುದೊಂದು ಬಿಟ್ಟು ಉಳಿದದ್ದೆಲ್ಲ ನೀವೇ ನೋಡಿಕೊಳ್ಳಿ ಎಂದೆ. ತಲೆಯಾಡಿಸಿದರು. ಮರುದಿನದಿಂದ ಬರಲಿಲ್ಲ. ಹರಿಹರಕ್ಕೇ ಹೋಗಿ ಕರೆದೆ. ಚಹಾ ಕೊಟ್ಟರು, ಪಕ್ಕದ ಮನೆಯವರಿಗೆ ಕೇಳುವಂತೆ ತಾನು ರಜೆಯಲ್ಲಿರುವುದಾಗಿ ಹೇಳಿದರು... ಆ ರಜೆ ಮುಗಿಯಲೇ ಇಲ್ಲ.

ಈಗ ಸಿಮೆಂಟು ಕ್ಯಾಪ್ಸೂಲಿನಲ್ಲಿ ಬರುತ್ತದೆ. ಯಂತ್ರದಲ್ಲಿಟ್ಟು ಗುಂಡಿ ಒತ್ತಿದರೆ ಗರಗರ ಅಲುಗಿಸಿ ಕಲಸಿ ಕೊಡುತ್ತದೆ. ಯಾರ ಮಣಿಕಟ್ಟಿನ ಬಲವೂ ಬೇಕಿಲ್ಲ. ಆಪಾ ತೀರಿಹೋಗಿ ಬಹಳ ಕಾಲವಾಯಿತು. ದವಡೆ ಹಿಡಿದುಕೊಂಡು ಬಂದವರೆಲ್ಲ ನನ್ನೆದುರು ನೋವು ನೋವು ಎಂದಿದ್ದಾರೆ. ದಿನಾ ನನ್ನ ಪಕ್ಕದಲ್ಲೇ ನಿಂತಿದ್ದ ಅವರೊಬ್ಬರು ಮಾತ್ರ ಅನ್ನಲಿಲ್ಲ. ಅದಕ್ಕೇ ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.