ಕತ್ತರಿಯಮ್ಮ ಕಂಡ ನೀರಿನ ಉಬ್ಬು

ಆಫೀಸಿನಲ್ಲಿ ಅವಳಿಗೆ ಕತ್ತರಿಯಮ್ಮ ಅಂತಲೇ ಹೆಸರು. ಹಾಗಂತ ಬಟ್ಟೆ ಹೊಲಿಯುವವಳಲ್ಲ. ಉಪಗ್ರಹವೊಂದು ಮೇಲಿಂದ ರೇಡಿಯೊ ಮಿಡಿತ ಬಿಟ್ಟು, ಅದು ಸಮುದ್ರಕ್ಕೆ ಬಡಿದು ವಾಪಸ್ ಬರುವ ಹೊತ್ತು ನೋಡಿ ನೀರಿನ ಮಟ್ಟ ಅಳೆಯುತ್ತದೆ. ಆ ಅಳತೆಗಳು, ಉಪಗ್ರಹ ಹಾದ ದಾರಿಗೊಂದರಂತೆ, ಗೆರೆಗೆರೆಯಾಗಿ ಅವಳ ಕಂಪ್ಯೂಟರಿಗೆ ಬರುತ್ತವೆ. ಅಲೆ, ಉಬ್ಬರವಿಳಿತ ಎಲ್ಲ ಕಳೆದ ಮೇಲೂ ಸಮುದ್ರ ಸಮತಟ್ಟಲ್ಲ, ನೋಡಿ! ತಳದಲ್ಲಿ ಬೆಟ್ಟವಿದ್ದರೆ ಅದರ ಗುರುತ್ವ ಸುತ್ತಲಿನ ನೀರನ್ನು ತನ್ನ ಕಡೆ ಎಳೆದುಕೊಂಡು ಮೇಲೆ ಗುಡ್ಡೆ ಹಾಕುತ್ತದೆ. ಆ ಗುಡ್ಡೆಗಳಿಂದಲೇ ಗುರುತ್ವದ ನಕ್ಷೆ. ವರ್ಷಗಟ್ಟಲೆ ಇದೇ ಕೆಲಸ ಮಾಡಿದರೂ, ಯಾರಿಗಾದರೂ ಇದನ್ನು ಹೇಳುವಾಗ ಅವಳ ಮೈ ಜುಮ್ಮೆನ್ನುತ್ತಿತ್ತು.

ಕತ್ತರಿ ಎಲ್ಲಿಂದ ಬಂತು ಅಂತೀರಾ? ಮಳೆಮೋಡ ಅಡ್ಡ ಬಂದರೆ ಅಳತೆ ಕೆಡುತ್ತದೆ. ಅದಕ್ಕೇ ಆ ಕೋಣೆಯಲ್ಲೊಂದು ಪದ್ಧತಿ: ಒಂದು ಗೆರೆ ಮಾತ್ರ ಉಬ್ಬಿ, ಅಕ್ಕಪಕ್ಕದ ಗೆರೆಗಳು ತೆಪ್ಪಗಿದ್ದರೆ ಆ ಉಬ್ಬನ್ನು ಕತ್ತರಿಸಿ ಬಿಸಾಡಬೇಕು. ಈ ವಿಷಯದಲ್ಲಿ ಅವಳು ಯಾರ ಮುಲಾಜಿಗೂ ಬೀಳುವವಳಲ್ಲ.

ಅಪ್ಪನದು ಬೇರೆ ಕಥೆ. ಅವನು ಸರಕು ಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದವನು. ಒಮ್ಮೆ ನಡುಸಮುದ್ರದಲ್ಲಿ ಆಳ ಅಳೆಯುವ ಯಂತ್ರದ ಮುಳ್ಳು ಸರ್ರನೆ ಮೇಲೇರಿ, ಕೆಳಗೆ ಬೆಟ್ಟವಿದೆ ಅಂತ ತೋರಿಸಿದ್ದು ಕಂಡು, ಕ್ಯಾಪ್ಟನ್ನನ್ನೂ ಕೇಳದೆ ಹಡಗು ತಿರುಗಿಸಿಬಿಟ್ಟ. ನಕ್ಷೆಯಲ್ಲಿ ಅಲ್ಲಿ ಬೆಟ್ಟವಿರಲಿಲ್ಲ. ಮುಳ್ಳನ್ನು ಕಂಡವರು ಇನ್ನೊಬ್ಬರಿರಲಿಲ್ಲ. ಬುರುಡೆ ಬಿಡುತ್ತಾನೆ ಅಂತ ಎಲ್ಲರೂ ನಕ್ಕರು, ಕೆಲಸವೂ ಹೋಯಿತು. ಆ ಜಾಗದ ಅಕ್ಷಾಂಶ ರೇಖಾಂಶವನ್ನು ಅವನು ಮಗಳನ್ನು ತಟ್ಟಿ ಮಲಗಿಸುವಾಗಲೂ ಗುನುಗುತ್ತಿದ್ದ. ಅವಳು ಮಾತ್ರ ಅದನ್ನು ಒಂದು ದಿನವೂ ಹುಡುಕಿ ನೋಡಲಿಲ್ಲ. ಇಲ್ಲ ಅಂತ ಖಾತ್ರಿಯಾಗಿಬಿಟ್ಟರೆ ಅಪ್ಪನ ಮುಖ ಹೇಗೆ ನೋಡುವುದು, ಹೇಳಿ?

ಹಳೆಯ ಉಪಗ್ರಹದ ಗೆರೆಗಳು ದೂರದೂರವಿದ್ದವು, ಹೊಸದರವು ಒತ್ತೊತ್ತಾಗಿದ್ದವು. ಒಂದು ಮಧ್ಯಾಹ್ನ ನೋಡುತ್ತಾಳೆ, ಪಕ್ಕಪಕ್ಕದ ಗೆರೆಗಳೆಲ್ಲ ಒಂದೇ ಕಡೆ ಉಬ್ಬಿ ನಿಂತಿವೆ. ಜಾಗ ಓದಿದಳು. ಅಪ್ಪನ ಜೋಗುಳದ ಜಾಗ! ಹಳೆಯ ಉಪಗ್ರಹದ, ಕತ್ತರಿ ಆಡಿಸುವ ಮುಂಚಿನ ಮೂಲ ಅಳತೆ ತೆರೆದರೆ ಅಲ್ಲೂ ಒಂಟಿ ಉಬ್ಬೊಂದು ಇದ್ದೇ ಇತ್ತು. ಜೊತೆಗೆ ಸಾಕ್ಷಿಯಿಲ್ಲ ಅಂತ, ಜಾಗ ಯಾವುದೆಂದೂ ಓದದೆ ಅದನ್ನು ಕತ್ತರಿಸಿದವಳು ಇವಳೇ. ಹಡಗಿನವರು ಅಪ್ಪನಿಗೆ ಮಾಡಿದ್ದನ್ನೇ ನಾನೂ ಮಾಡಿದೆನಲ್ಲ ಅಂತ ಅವಳಿಗೆ ಅಳು ಬಂತು.

ಮನೆಗೆ ಬಂದಾಗ ಅಪ್ಪ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಅವಳು ತನ್ನ ಕತ್ತರಿಯ ಕಥೆಯನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಅವನು ಸಿಟ್ಟಾಗಲಿಲ್ಲ, ಕುಣಿದಾಡಲೂ ಇಲ್ಲ. ಚಾಕು ಕೆಳಗಿಟ್ಟು, ಬೆಟ್ಟದ ಮೇಲೆ ನೀರು ಎಷ್ಟು ಉಬ್ಬಿರುತ್ತೆ ಅಂತ ಕೇಳಿದ.

"ಒಂದಾಳು ಎತ್ತರ, ಅಪ್ಪಾ. ಆದ್ರೆ ಹತ್ತಾರು ಮೈಲಿ ಹರಡಿಕೊಂಡಿರುತ್ತೆ. ಕಣ್ಣಿಗೆ ಕಾಣಲ್ಲ."

ಅವನು ಹೆಚ್ಚಿದ ಈರುಳ್ಳಿಯನ್ನು ಕೈಯಿಂದ ಒಂದು ಕಡೆ ಗುಡ್ಡೆ ಹಾಕಿದ.

"ಹಾಗಾದ್ರೆ ಅವತ್ತು ನಾವೆಲ್ಲ ಏರು ಹತ್ತಿದ್ವಿ ಕಣಮ್ಮಾ," ಅಂದ. "ನನ್ನ ನೋಡಿ ನಕ್ಕವರೂ ಹತ್ತಿದ್ರು. ಒಬ್ಬರಿಗೂ ಗೊತ್ತಾಗ್ಲಿಲ್ಲ."